ಇಲ್ಲದ ಹಾಡಿಗೆ ಕಣ್ಣೊರೆಸಿಕೊಂಡ ಕಾಂಗ್ ಇಡಿಂಗ್

ಸಂಪುರಾಸುನ್!

— ಇದೇನು, ಉತ್ತರ ಇಷ್ಟು ಸಣ್ಣಗೆ? ನಮ್ಮ ಸುಂಡಾ ಜನ ಸಾವಿನ ಮನೆಯಲ್ಲೂ ನಮಸ್ಕಾರಕ್ಕೆ ಗಟ್ಟಿಯಾಗಿ ಮರುನಮಸ್ಕಾರ ಹೇಳುವವರು. ಇನ್ನೊಂದು ಸಲ — ಸಂಪುರಾಸುನ್! — ಹಾಂ. ಈಗ ಸರಿ.

ಮುಂದಿನ ಸಾಲಿನಲ್ಲಿರುವ ಕಾಂಗ್ ಇಡಿಂಗ್ ಅವರ ಮಡದಿ, ನಮಗೆಲ್ಲ ಅಮ್ಮನಂತಿರುವ ಬು ಎಂತಿನ್ ಅವರೆ, ಮಗಳು ವೂಲಾನ್, ರೇಡಿಯೋ ಬಳಗದ ಗೆಳೆಯರೆ, ಬಾಂಡುಂಗಿನ ಎಲ್ಲ ಬೀದಿಗಳಿಂದ ಬಂದಿರುವ ಕೇಳುಗರೆ. ಕಾಂಗ್ ಇಡಿಂಗ್ — ವಯಸ್ಸಿನಲ್ಲಿ ಚಿಕ್ಕವರಿಗೂ ದೊಡ್ಡವರಿಗೂ ಅಣ್ಣನೇ ಆಗಿದ್ದ ನಮ್ಮ ಕಾಂಗ್ ಇಡಿಂಗ್ — ತೀರಿಕೊಂಡು ಇವತ್ತಿಗೆ ನಲವತ್ತನೆಯ ದಿನ. ಪ್ರಾರ್ಥನೆ ಆಯಿತು. ತಿಂಡಿಯ ಡಬ್ಬಿ ಎಲ್ಲರ ಕೈಗೂ ಬಂದಿದೆ. ಕೆಲವರ ಕೈಯಲ್ಲಿ ಎರಡೆರಡು ಕಾಣುತ್ತಿವೆ, ಇರಲಿ, ಮನೆಯಲ್ಲಿ ಮಕ್ಕಳಿರಬಹುದು.

ನಾನು ಉಸೆಪ್, ಹತ್ತಿರದವರ ಬಾಯಲ್ಲಿ ಬರೀ ಸೆಪ್. ಕಾಂಗ್ ಇಡಿಂಗ್ ಗಾಜಿನ ಆ ಕಡೆ ಕುಳಿತು ಮಾತಾಡುತ್ತಿದ್ದರೆ, ಈ ಕಡೆ ಕುಳಿತು ರೆಕಾರ್ಡಿನ ಮೇಲೆ ಸೂಜಿ ಇಳಿಸುತ್ತಿದ್ದವನು. ನನ್ನನ್ನು ಬಲ್ಲವರಿಗೆ ಗೊತ್ತು, ನಾನು ಹುಟ್ಟಾ ಅನುಮಾನದ ಮನುಷ್ಯ. ಅಂಗಡಿಯಲ್ಲಿ ಮೊಟ್ಟೆ ತೆಗೆದುಕೊಂಡರೆ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡುವವನು. ಇವತ್ತು ಒಳಗೆ ಬರುವಾಗಲೂ ಬಾಗಿಲಲ್ಲಿ ನಿಂತೆ. ಹೊರಗೆ ಸಾಲಾಗಿ ನಿಲ್ಲಿಸಿರುವ ಸಂತಾಪದ ಹೂವಿನ ಹಲಗೆಗಳನ್ನು ನೋಡಿದಿರಾ? ಕಳಿಸಿದವರ ಹೆಸರು ಇಷ್ಟು ದೊಡ್ಡದು — ತೀರಿಕೊಂಡವರ ಹೆಸರು ಇಷ್ಟೇ ಇಷ್ಟು. ನನಗೆ ಆಗಲೇ ಅನುಮಾನ ಬಂತು, ಇದು ಯಾರ ಸಭೆ?

ಆದರೆ ಇವತ್ತಿನ ಅನುಮಾನ ನನ್ನೊಬ್ಬನದಲ್ಲ. ನಿಮ್ಮದೂ ಹೌದು. ಸುಮ್ಮನೆ ಚಾವಣಿ ನೋಡಬೇಡಿ.

ಮೂರನೆಯ ಸಾಲಿನಲ್ಲಿ ಗಿಲಾಂಗ್ ಕುಳಿತಿದ್ದಾನೆ. ಒಳ್ಳೆಯ ಹುಡುಗ, ರೆಕಾರ್ಡುಗಳನ್ನು ಪ್ರಾಣದ ಹಾಗೆ ನೋಡಿಕೊಳ್ಳುತ್ತಾನೆ. ಅವನು ಹೋದ ವಾರ ಫೋನಿನ ಗುಂಪಿನಲ್ಲಿ ಏನು ಬರೆದ ಅಂತ ನೀವೆಲ್ಲ ಓದಿದ್ದೀರಿ. ಕಾಂಗ್ ಇಡಿಂಗ್ ಆ ದೀಪಸ್ತಂಭದ ಆಲ್ಬಮ್ — ಮುಖಪುಟದಲ್ಲಿ ದೀಪಸ್ತಂಭ ಇರುವ ಆ ಇಂಗ್ಲಿಷ್ ರಾಕ್ ತಂಡದ್ದು — ಅದರ ಬಗ್ಗೆ ರೇಡಿಯೋದಲ್ಲಿ ಮಾತಾಡುವಾಗ, ಕೊನೆಯ ಹಾಡು ಕೇಳಿ ಕಣ್ಣೊರೆಸಿಕೊಂಡೆ ಅಂದರು. ಅಲೆಗಳ ಸದ್ದು, ಒಬ್ಬಳು ಹೆಂಗಸು, ಒಂದು ಪಿಯಾನೋ. ಗಿಲಾಂಗ್ ಬರೆದ: ಆ ಆಲ್ಬಮ್ಮಿನಲ್ಲಿ ಅಂಥ ಹಾಡೇ ಇಲ್ಲ. ಹೆಂಗಸೂ ಇಲ್ಲ, ಪಿಯಾನೋನೂ ಇಲ್ಲ. ಮುದುಕ ಇಷ್ಟು ವರ್ಷ ಕೇಳದೆಯೇ ನಮ್ಮ ಕಿವಿಗೆ ಹೂ ಮುಡಿಸಿದ.

ಅಲ್ಲಿಂದ ಶುರುವಾಯಿತು. ಮಾರ್ಕೆಟ್ಟಿನಲ್ಲಿ ಗುಸುಗುಸು, ಮಸೀದಿ ಮೆಟ್ಟಿಲ ಮೇಲೆ ಗುಸುಗುಸು. ಮೊನ್ನೆ ಬು ಎಂತಿನ್ ತರಕಾರಿಗೆ ಹೋದರೆ, ಯಾರೋ ಅವರ ಮುಖಕ್ಕೇ ಕೇಳಿದರಂತೆ — "ನಿಮ್ಮೆಜಮಾನ್ರು ನಿಜವಾಗ್ಲೂ ಹಾಡು ಕೇಳ್ತಿದ್ರಾ?" ಅಂತ. ಸತ್ತವರ ಮಾನ ಸತ್ತವರ ಜೊತೆ ಹೋಗುವುದಿಲ್ಲ ಸ್ವಾಮಿ. ಅದು ಹೆಂಡತಿಯ ಜೊತೆ ತರಕಾರಿ ಅಂಗಡಿಗೆ ಬರುತ್ತದೆ. ನಾನು ಇವತ್ತು ಮೈಕು ಹಿಡಿದಿರುವುದು ಅದಕ್ಕೇ.

ಭಾನುವಾರ ಮಧ್ಯಾಹ್ನ ಅವರು ಮಾತಾಡುತ್ತಿದ್ದದ್ದು ನೆನಪಿದೆಯಲ್ಲ? ವಿಮರ್ಶೆ ಅಲ್ಲ. ಯಾವ ವರ್ಷ ಬಂತು, ಯಾರು ಗಿಟಾರ್ ಬಾರಿಸಿದರು, ಒಂದೂ ಹೇಳುತ್ತಿರಲಿಲ್ಲ. ತನಗೇನಾಯಿತು ಅಷ್ಟೇ. ಅಮೆರಿಕದ ಜಾಸ್ ತುತ್ತೂರಿಯವನ ಬಗ್ಗೆ ಅಂದಿದ್ದರು — "ಜಗಳ ಮುಗಿದು ಮನೆಗೆ ಬಂದ ಮೇಲೆ, ಛೆ, ಹೀಗನ್ನಬೇಕಿತ್ತು ಅಂತ ಹೊಳೆಯುತ್ತಲ್ಲ, ಇವನು ಅದನ್ನು ಊದುತ್ತಾನೆ." ಹೆವಿ ಮೆಟಲ್‌ಗೆ — "ನನ್ನ ಭಾವಮೈದುನನ ಬೈಕಿನ ಸದ್ದು. ಆದರೆ ಮೂರನೆಯ ಹಾಡಿನಲ್ಲಿ ಬೈಕಿಗೇ ಅಳು ಬಂದಿದೆ." ಜರ್ಮನಿಯ ಯಂತ್ರಸಂಗೀತಕ್ಕೆ — "ರಜೆಯ ದಿನ ಯಾರೂ ಇಲ್ಲದಾಗ ಅಕ್ಕಿ ಗಿರಣಿ ತನ್ನಷ್ಟಕ್ಕೆ ಆಡಿಕೊಳ್ಳುತ್ತಿದೆ." ಒಂದು ದೊಡ್ಡ ಸಿಂಫನಿಗೆ — "ನಡುವೆ ನಿದ್ದೆ ಬಂತು. ಎದ್ದೆ. ಅವರಿನ್ನೂ ಅಲ್ಲೇ ಇದ್ದರು. ಸುಳ್ಳು ಯಾಕೆ ಹೇಳಲಿ?" ನಮ್ಮದೇ ಕ್ರೊಂಚೊಂಗ್ ಹಾಡುವ ಅಜ್ಜಿಯ ಹಳೆ ರೆಕಾರ್ಡಿಗೆ — "ಇವಳು ಹಾಡುವಾಗ ಚಪ್ಪಲಿ ಹೊರಗೆ ಬಿಟ್ಟು ಬನ್ನಿ."

ಸರಿ. ಈಗ ಒಂದು ಕೆಲಸ ಮಾಡಿ. ತಲೆ ನರೆತವರು ಮಾತ್ರ. ದೀಪಸ್ತಂಭದ ಆಲ್ಬಮನ್ನು ಕ್ಯಾಸೆಟ್ಟಿನಲ್ಲಿ ಕೇಳಿದವರು ಯಾರು? ಚಿಹಾಪಿತ್ ಬೀದಿಯಲ್ಲಿ ಗುಡ್ಡೆ ಹಾಕಿ ಮಾರುತ್ತಿದ್ದರಲ್ಲ, ಆ ಕ್ಯಾಸೆಟ್ಟು. — ಕೈ ಎತ್ತಿ. — ಅದರಲ್ಲಿ ಕೊನೆಗೆ ಅಲೆಯ ಸದ್ದು, ಹೆಂಗಸು, ಪಿಯಾನೋ ಇದ್ದ ಹಾಡು ಇತ್ತು ಅನ್ನುವವರು ಕೈ ಇಳಿಸಬೇಡಿ.

— ಗಿಲಾಂಗ್, ಹಿಂದೆ ತಿರುಗಿ ನೋಡು. ಒಂದು ಕೈಯಾದರೂ ಇಳಿಯಿತೇನು?

ನಮ್ಮ ಕಾಲದಲ್ಲಿ ಕ್ಯಾಸೆಟ್ ಮಾಡುವವರಿಗೆ ಖಾಲಿ ಟೇಪು ಕಂಡರೆ ಆಗುತ್ತಿರಲಿಲ್ಲ. ಆಲ್ಬಮ್ ಮುಗಿದು ಟೇಪು ಉಳಿದರೆ, ಗಿರಾಕಿಗೆ ನಷ್ಟ ಆಗಬಾರದು ಅಂತ ಬೇರೆ ಯಾರದೋ ಹಾಡು ತುಂಬುತ್ತಿದ್ದರು. ರಾಕ್ ಆಲ್ಬಮ್ಮಿನ ಬಾಲಕ್ಕೆ ಫ್ರೆಂಚ್ ಹೆಂಗಸು. ಜಾಸ್ ಬಾಲಕ್ಕೆ ಕ್ರಿಸ್ಮಸ್ ಹಾಡು. ನಾವು ಅದೆಲ್ಲ ಸೇರಿಯೇ ಒಂದು ಆಲ್ಬಮ್ ಅಂತ ನಂಬಿ ಬೆಳೆದೆವು. ಆ ಹೆಂಗಸು ಬಾರದೆ ದೀಪಸ್ತಂಭ ಮುಗಿಯುವುದೇ ಇಲ್ಲ ನಮಗೆ. ನಾನು ಮೊದಲ ಸಲ ಅಸಲಿ ರೆಕಾರ್ಡ್ ಕೇಳಿದಾಗ, ಇವರು ಕೊನೆಯ ಹಾಡು ಕದ್ದಿದ್ದಾರೆ ಅಂತ ಅಸಲಿಯವರ ಮೇಲೇ ಅನುಮಾನ ಪಟ್ಟೆ!

ನಗಿ, ನಗಿ. ಕಾಂಗ್ ಇಡಿಂಗ್ ಇದ್ದಿದ್ದರೆ ಅವರೂ ನಗುತ್ತಿದ್ದರು.

ಇಲ್ಲಿಗೆ ಕುಳಿತುಬಿಟ್ಟರೆ ಚಪ್ಪಾಳೆ ಬೀಳುತ್ತದೆ, ಗಿಲಾಂಗ್ ಕ್ಷಮೆ ಕೇಳುತ್ತಾನೆ, ಎಲ್ಲರೂ ಡಬ್ಬಿ ತೆಗೆದುಕೊಂಡು ಮನೆಗೆ ಹೋಗಬಹುದು. — ಆದರೆ ಗಿಲಾಂಗ್ ಬರೆದದ್ದರಲ್ಲಿ ಅರ್ಧ ನಿಜ.

ಹೌದು. ಕಾಂಗ್ ಇಡಿಂಗ್ ಕೊನೆಯ ವರ್ಷಗಳಲ್ಲಿ ಹಾಡು ಕೇಳುತ್ತಿರಲಿಲ್ಲ. ಅವರಿಗೆ ಕಿವಿ ಕೇಳುತ್ತಿರಲಿಲ್ಲ.

— ಸ್ವಲ್ಪ ಸದ್ದು ಕಡಿಮೆ ಮಾಡಿ. ಇದನ್ನು ಬು ಎಂತಿನ್ ಅವರ ಅಪ್ಪಣೆ ಪಡೆದೇ ಹೇಳುತ್ತಿದ್ದೇನೆ. ಬೆಳಿಗ್ಗೆ ಅವರೇ ಅಂದರು, "ಹೇಳ್ಬಿಡು ಸೆಪ್. ನೀನು ಹೇಳ್ದಿದ್ರೆ ಅವ್ರು ಇದಕ್ಕಿಂತ ಕೆಟ್ಟದ್ದು ಕಟ್ಟಿ ಹೇಳ್ತಾರೆ."

ನನಗೆ ಮೊದಲೇ ವಾಸನೆ ಹೊಡೆದಿತ್ತು. ಕೇಳುಗರ ಫೋನು ಬೇಡ, ಬರೆದು ಕಳಿಸಲಿ ಅಂದರು. ಕಾಂಗ್, ಊಟ ಆಯ್ತಾ ಅಂತ ಬೆನ್ನ ಹಿಂದಿನಿಂದ ಕೇಳಿದರೆ ಉತ್ತರವೇ ಇಲ್ಲ. ಎದುರಿಗೆ ಬಂದು ಕೇಳಿದರೆ ತುಟಿ ನೋಡಿ, "ಆಯ್ತು" ಅನ್ನುವರು. ಒಂದು ದಿನ ರಸ್ತೆಯಲ್ಲಿ ವ್ಯಾನಿನವನು ಹಿಂದಿನಿಂದ ಹಾರನ್ ಬಾರಿಸಿ ಬಾರಿಸಿ ಸುಸ್ತಾಗಿ, ಕೊನೆಗೆ ಇಳಿದು ಬಂದು ಅವರ ಭುಜ ಹಿಡಿದು ಪಕ್ಕಕ್ಕೆ ನಿಲ್ಲಿಸಿದ. ಕಾಂಗ್ ಇಡಿಂಗ್ ಅವನಿಗೆ ಕೈಕುಲುಕಿ, "ನಮ್ಮ ಕಾರ್ಯಕ್ರಮ ಕೇಳ್ತೀರಾ? ಸಂತೋಷ!" ಅಂದರು.

ನಾನು ಪರೀಕ್ಷೆ ಮಾಡಿದೆ. ದೀಪಸ್ತಂಭದ ವಾರವೇ ಅದು. ಅವರು ಹೆಡ್‌ಫೋನ್ ಹಾಕಿಕೊಂಡು ಗಾಜಿನ ಆ ಕಡೆ ಕಣ್ಣು ಮುಚ್ಚಿ ಕುಳಿತಿದ್ದರು. ನಾನು ಹಾಕಿದ್ದು ಕ್ಯಾಸೆಟ್ಟಲ್ಲ, ಅಸಲಿ ರೆಕಾರ್ಡು. ಆಲ್ಬಮ್ ಮುಗಿಯಿತು. ಸೂಜಿ ಖಾಲಿ ಗೆರೆಯಲ್ಲಿ ಸುಮ್ಮನೆ ಸುತ್ತುತ್ತಿದೆ. ಅವರು ಕಣ್ಣು ತೆರೆಯಲಿಲ್ಲ. ಆ ಹೆಂಗಸಿನ ಹಾಡನ್ನು ನಾನೂ ಮನಸ್ಸಿನಲ್ಲೇ ಗುನುಗತೊಡಗಿದೆ. — ಅವರ ತಲೆ ನನ್ನ ಗುನುಗಿಗೆ ಸರಿಯಾಗಿ ಆಡುತ್ತಿತ್ತು. ನನ್ನ ಹಾಡು ಮುಗಿದದ್ದೂ, ಅವರು ಕರವಸ್ತ್ರ ತೆಗೆದದ್ದೂ ಒಟ್ಟಿಗೆ.

ಒಳಗೆ ಹೋಗಿ ಎದುರಿಗೇ ನಿಂತೆ. "ಕಾಂಗ್, ಯಾವುದಕ್ಕೆ ಅತ್ರಿ?"

"ಕೊನೇ ಹಾಡಿಗೆ ಕಣೋ."

"ಇದ್ರಲ್ಲಿ ಆ ಹಾಡಿಲ್ಲ. ಇದು ಅಸಲಿ."

ನನ್ನ ಮುಖವನ್ನೇ ನೋಡಿದರು. ಆಮೇಲೆ ಹೆಡ್‌ಫೋನ್ ಬಿಚ್ಚಿ ಮೇಜಿನ ಮೇಲಿಟ್ಟರು. "ಎಂಥಾ ಕಳ್ಳ ನೀನು ಸೆಪ್," ಅಂದರು. "ಕಿವಿ ಹೋದವನ ಹತ್ರ ಹಾಡು ಕದೀತೀಯಲ್ಲೋ."

"ಮತ್ತೆ ಜನಕ್ಕೆ ಮೋಸ ಅಲ್ವಾ ಇದು?"

"ಕೇಳಿದ್ದನ್ನ ಹೇಳ್ತಿದ್ದೀನಿ. ಯಾವಾಗ ಕೇಳಿದ್ದು ಅಂತ ಯಾರಾದ್ರೂ ಕೇಳಿದ್ರಾ?"

ಮಾತಿನಲ್ಲಿ ಇವರನ್ನು ಗೆಲ್ಲಲಾಗದು ಅಂತ ಹೊರಬಂದೆ. ಆದರೆ ಅನುಮಾನ ಹೋಗುತ್ತದೆಯೇ? ಹಳೆಯ ಆಲ್ಬಮ್ ಸರಿ, ನೆನಪಿನಿಂದ ಹೇಳಿದರು. ಕೇಳುಗರು ಕಳಿಸುತ್ತಿದ್ದ ಹೊಸ ಹೊಸ ರೆಕಾರ್ಡು? ಬ್ರೆಜಿಲ್‌ನದು, ಮಾಲಿಯದು, ಇವರು ಜನ್ಮದಲ್ಲಿ ಕೇಳಿರದವು? ಅವುಗಳ ಬಗ್ಗೆಯೂ ಮಾತಾಡುತ್ತಿದ್ದರಲ್ಲ, ಅದೂ ಮೊದಲಿಗಿಂತ ಚೆನ್ನಾಗಿ! "ಎರಡನೆಯ ಹಾಡಿಗೆ ಹುಬ್ಬು ಮೇಲೇರುತ್ತದೆ." "ಇಲ್ಲಿ ಸೊಪ್ಪು ಬಿಡಿಸುವ ಕೈ ನಿಂತುಬಿಡುತ್ತದೆ." ನೀವೆಲ್ಲ, ಆಹಾ, ಕಾವ್ಯ ಅಂದಿರಿ. ನನ್ನ ಪ್ರಶ್ನೆ ಒಂದೇ. ಯಾರ ಹುಬ್ಬು? ಯಾರ ಕೈ? ಕಾಂಗ್ ಇಡಿಂಗ್ ಬದುಕಿನಲ್ಲಿ ಒಂದು ದಿನ ಸೊಪ್ಪು ಬಿಡಿಸಿದವರಲ್ಲ.

ಒಂದು ಮಧ್ಯಾಹ್ನ ಹೇಳದೆ ಕೇಳದೆ ಅವರ ಮನೆಗೆ ನುಗ್ಗಿದೆ. ಕೈಯಲ್ಲಿ ನೆಪಕ್ಕೆ ಬಿಸಿ ತೋಫು ಪೊಟ್ಟಣ. ಅಡುಗೆಮನೆಯಲ್ಲಿ ರೆಕಾರ್ಡು ತಿರುಗುತ್ತಿದೆ. ಹೆಡ್‌ಫೋನ್ ಇರುವುದು ಬು ಎಂತಿನ್ ತಲೆಯ ಮೇಲೆ! ಮಡಿಲಲ್ಲಿ ಮರಗೆಣಸಿನ ಸೊಪ್ಪು. ಎದುರಿಗೆ ಕುರ್ಚಿ ಎಳೆದುಕೊಂಡು, ಗಲ್ಲಕ್ಕೆ ಕೈಕೊಟ್ಟು, ಕಾಂಗ್ ಇಡಿಂಗ್ ಹೆಂಡತಿಯ ಮುಖವನ್ನು ನೋಡುತ್ತಿದ್ದಾರೆ. ಕಣ್ಣು ಪಿಳುಕಿಸುತ್ತಿಲ್ಲ. ಅವರು ಕೇಳುತ್ತಿದ್ದದ್ದು ಆ ಮುಖವನ್ನು.

ನಾನು ತೋಫು ಬಾಗಿಲಲ್ಲೇ ಇಟ್ಟು ಬಂದೆ. ಅಷ್ಟು ಹೊತ್ತು ಒಬ್ಬರು ಇನ್ನೊಬ್ಬರ ಮುಖ ನೋಡುವುದನ್ನು ನಾನು ಮದುವೆ ಮನೆಯಲ್ಲೂ ಕಂಡಿರಲಿಲ್ಲ. ಹೊಟ್ಟೆಕಿಚ್ಚಾಯಿತು, ಮುಚ್ಚುಮರೆ ಯಾಕೆ.

ಬು ಎಂತಿನ್ ಅವರನ್ನೂ ನಾನು ಬಿಡಲಿಲ್ಲ ಅನ್ನಿ. ಕೇಳಿದೆ, ನಿಮಗೆ ಗೊತ್ತಿತ್ತಾ ಅಂತ. ಅವರು ಹೇಳಿದ್ದನ್ನು ಅವರ ಬಾಯಲ್ಲೇ ಹೇಳುತ್ತೇನೆ.

"ಮೊದ್ಲು ನಂಗೂ ಅನುಮಾನ ಬಂತು ಸೆಪ್. ಮದ್ವೆಯಾದಾಗಿಂದ ನನ್ ಕಡೆ ನೆಟ್ಟಗೆ ನೋಡ್ದಿದ್ದ ಗಂಡಸು ಈಗ ನೋಡ್ತಾ ಕೂರ್ತಾನೆ ಅಂದ್ರೆ, ಎಲ್ಲೋ ಏನೋ ಮಾಡ್ಕೊಂಡಿದಾನೆ ಅಂತ. ಜೇಬೆಲ್ಲ ತಡಕಿದೆ! ಆಮೇಲೆ ಒಂದಿನ ಕೆಟಲ್ಲು ಶಿಳ್ಳೆ ಹೊಡೀತಾನೇ ಇತ್ತು, ಈ ಮನುಷ್ಯ ಪಕ್ಕದಲ್ಲೇ ನಿಂತು ಕಿಟಕಿ ನೋಡ್ತಿತ್ತು. ಆಗ ತಿಳೀತು. ತಿಳೀತು ಅಂತ ಹೇಳ್ಲಿಲ್ಲ. ಪಾಪ, ಬಚ್ಚಿಡೋಕೆ ಎಷ್ಟು ಕಷ್ಟ ಪಡ್ತಿದ್ರು, ಅದನ್ನ ಹಾಳ್ಮಾಡೋದ್ಯಾಕೆ?"

"ಹಾಗಾದ್ರೆ ಆ ಹುಬ್ಬು ಏರಿಸಿದ್ದೆಲ್ಲ ನಾಟಕವಾ?" ಅಂದೆ. ನನ್ನ ಬುದ್ಧಿ, ಬಿಡುತ್ತದೆಯೇ.

"ಮೊದಮೊದ್ಲು ಬೇಕಂತ್ಲೇ ಮಾಡ್ತಿದ್ದೆ, ಅವ್ರಿಗೆ ಸುಲಭ ಆಗ್ಲಿ ಅಂತ. ನಂಗೆ ಹಾಡು ಗೀಡು ಯಾವತ್ತೂ ಹಿಡಿಸ್ತಿರ್ಲಿಲ್ಲ. ಆಮೇಲಾಮೇಲೆ... ಮಾಡೋದು ಮರ್ತೇ ಹೋಯ್ತು. ತಾನಾಗೇ ಆಗ್ತಿತ್ತು."

ಈ ಬೆಳಿಗ್ಗೆ ಇನ್ನೂ ಒಂದು ಕೇಳಿದೆ. ಈಗ ಕೇಳ್ತೀರಾ ಬು, ಏನಾದರೂ? ಅವರು ಅಂದರು — "ಹೆಡ್‌ಫೋನ್ ಹಾಕ್ಕೊಂಡ್ರೆ ನೋಡೋರು ಯಾರು?"

— ಒಂದು ನಿಮಿಷ. ನೀರು ಕುಡಿಯುತ್ತೇನೆ.

ಗಿಲಾಂಗ್, ನಾನು ಹೇಳಿದ್ದನ್ನು ನಂಬು ಅಂತ ನಿನಗೆ ಹೇಳುವುದಿಲ್ಲ. ಯಾರಿಗೂ ಹೇಳುವುದಿಲ್ಲ. ನಾನೇ ಪೂರ್ತಿ ನಂಬಿಲ್ಲ. ಒಬ್ಬರ ಮುಖ ನೋಡಿ ಹಾಡು ತಿಳಿಯುತ್ತದೆಯೆ? ಆ ವರ್ಷಗಳಲ್ಲಿ ಅವರು ನಮಗೆ ಕೊಟ್ಟದ್ದು ಸಂಗೀತವೋ, ಬರೀ ಮಾತೋ? ನನಗೆ ಇನ್ನೂ ಅನುಮಾನವಿದೆ. ಅನುಮಾನ ಇದ್ದರೆ ಪರೀಕ್ಷೆ ಮಾಡಬೇಕು.

ಈ ಮೇಜಿನ ಮೇಲೆ ಬಟ್ಟೆ ಮುಚ್ಚಿದ್ದು — ಇಗೋ — ಸ್ಟುಡಿಯೋದ ಪ್ಲೇಯರ್. ತೀರಿಕೊಂಡ ವಾರ ಅವರು ಕಾರ್ಯಕ್ರಮಕ್ಕೆಂದು ಆರಿಸಿಟ್ಟಿದ್ದ ರೆಕಾರ್ಡು ಇದು. ಪ್ಲಾಸ್ಟಿಕ್ಕನ್ನು ಈಗ ನಿಮ್ಮೆದುರಿಗೇ ಹರಿಯುತ್ತಿದ್ದೇನೆ. ಯಾರೂ ಕೇಳಿಲ್ಲ, ನಾನೂ ಕೇಳಿಲ್ಲ. ಸ್ಪೀಕರಿಗೆ ವೈರು ಕೊಟ್ಟಿಲ್ಲ, ಬೇಕಾದವರು ಬಂದು ನೋಡಿ. ಇರುವುದು ಹೆಡ್‌ಫೋನ್ ಒಂದೇ.

ಬು ಎಂತಿನ್, ಒಪ್ಪಿಗೆಯೆ? — ತಲೆಯಾಡಿಸಿದರು. ವೂಲಾನ್, ಅಮ್ಮನ ಕುರ್ಚಿಯನ್ನು ಸಭೆಯ ಕಡೆಗೆ ತಿರುಗಿಸಮ್ಮ. ಅವರಿಗೆ ಹೆಡ್‌ಫೋನ್ ಹಾಕು. ಹಾಗೆ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಡಬ್ಬಿ ಕೆಳಗಿಡಿ. ಗಿಲಾಂಗ್, ನೀನು ಮುಂದೆ ಬಾ, ಅವರ ಎದುರಿಗೇ ನಿಲ್ಲು. ಮೌನಾಚರಣೆಗೆ ತಲೆ ತಗ್ಗಿಸುವುದು ರೂಢಿ. ಇವತ್ತು ಯಾರೂ ತಲೆ ತಗ್ಗಿಸಬೇಡಿ, ಕಣ್ಣು ಮುಚ್ಚಬೇಡಿ. ಒಂದು ಹಾಡು ಮುಗಿಯುವ ತನಕ, ನಮಗೆ ಯಾರಿಗೂ ಕೇಳದ ಆ ಹಾಡು ಮುಗಿಯುವ ತನಕ, ಅವರ ಮುಖ ನೋಡಿ.

ಸೂಜಿ ಇಳಿಸುತ್ತಿದ್ದೇನೆ.