ತುಪ್ಪದ ದೋಣಿಗಳು

ಹೇಳಿ ನೋಡುವ, ಆ ಪುಟ್ಟ ಹುಡುಗಿ ಕ್ಲಾಸಿನ ಮಧ್ಯೆ ಎದ್ದು ನಿಂತು ನನ್ನನ್ನ ಏನು ಕೇಳಿರಬಹುದು? ಊಹೆ ಮಾಡಿ ಮಕ್ಕಳೇ. ಇಲ್ಲ, ಟಾಯ್ಲೆಟ್ಟಿಗಲ್ಲ! ತಡೀರಿ, ಮೊದಲಿಂದ ಹೇಳ್ತೇನೆ. ಉಡುಪಿಯ ಕಾಲೇಜಲ್ಲಿ ಹದಿನೆಂಟು, ಅಲ್ಲ, ಹದಿನೇಳು ವರ್ಷ ಇತಿಹಾಸ ಪಾಠ ಮಾಡಿದವ ನಾನು, ಮೆಲ್ಬರ್ನಿಗೆ ಬಂದು ಗೋಡೌನಿನಲ್ಲಿ ಪೆಟ್ಟಿಗೆಗೆ ಟೇಪು ಹಚ್ತಾ ಇದ್ದೆ. ಕೆಲಸ ಅಂದ ಮೇಲೆ ಎಲ್ಲ ಕೆಲಸವೇ, ಅದರಲ್ಲಿ ಅವಮಾನ ಇಲ್ಲ. ಆದ್ರೆ ಎರಡು ವರ್ಷ ಬೋರ್ಡಿನ ಮುಂದೆ ನಿಲ್ಲದೆ ನಾಲಿಗೆಗೇ ತುಕ್ಕು ಹಿಡಿದಿತ್ತು, ಗೊತ್ತುಂಟಾ? ಆಗ ಭಾನುವಾರದ ಕನ್ನಡ ಕ್ಲಾಸು ನಡೆಸ್ತಿದ್ದ ವಸಂತಿ ಆಂಟಿ, "ಮಾಸ್ಟ್ರೇ, ಒಂದು ಪಾಠ ಮಾಡಿ ತೋರಿಸಿ. ಮಕ್ಕಳು ಕೂತ್ರೆ ಕ್ಲಾಸು ನಿಮ್ಮದು. ಎದ್ದು ಹೋದ್ರೆ ನನ್ನನ್ನ ಬೈಬೇಡಿ" ಅಂದ್ರು.

ನನಗೆ ಬಾಯಿಪಾಠ ಇದ್ದದ್ದು ಎಂ.ಎ.ಯಲ್ಲಿ ಓದಿದ ಸೇಂಟ್ ಲೂಯಿಸ್, ಅಮೆರಿಕದ ಮಿಸಿಸಿಪ್ಪಿ ಹೊಳೆ ಬದಿಯ ಊರು. ಶುರು ಮಾಡಿದೆ. ಬೆಳಗಿನ ಮಂಜು, ಹೊಳೆ ಎಲ್ಲಿ ಮುಗೀತದೆ ಆಕಾಶ ಎಲ್ಲಿ ಶುರುವಾಗ್ತದೆ ಗೊತ್ತಾಗುದಿಲ್ಲ, ಆ ಮಂಜಿನೊಳಗಿಂದ ಒಂದೊಂದೇ ದೋಣಿ ತೇಲಿ ಬರ್ತದೆ, ದೋಣಿ ತುಂಬ ತುಪ್ಪಳ. ಫ್ರೆಂಚ್ ವ್ಯಾಪಾರಿಗಳು ಊರು ಕಟ್ಟಿದ್ದೇ ತುಪ್ಪಳಕ್ಕೆ. ಅಲ್ಲಿಯ ಮೂಲ ಜನ ತುಪ್ಪಳ ತರ್ತಾರೆ, ಬದಲಿಗೆ ಕಂಬಳಿ, ಕೊಡಲಿ ಒಯ್ತಾರೆ. ಎಲ್ಲರೂ ತುಪ್ಪಳದ ಹಿಂದೆಯೇ, ಬೇಸಾಯ ಮಾಡುವವರೇ ಕಡಿಮೆ, ಊರಲ್ಲಿ ಬ್ರೆಡ್ಡಿಗೆ ತತ್ವಾರ. ಪಕ್ಕದೂರಿನವರು ತಮಾಷೆಗೆ "ಬ್ರೆಡ್ಡಿಲ್ಲದ ಊರು" ಅಂತಲೇ ಕರೀತಿದ್ರಂತೆ.

ಆಗ ಎದ್ದಳು ನೋಡಿ ಹುಡುಗಿ. "ಅಂಕಲ್, ಬ್ರೆಡ್ಡೇ ಇಲ್ಲ ಅಂದ್ರೆ, ವೈ ಸೋ ಮಚ್ ಘೀ?"

ತುಪ್ಪ! ಪಾಪ, ಮನೆಯಲ್ಲಿ ಕೇಳಿದ್ದು ತುಪ್ಪ ಮಾತ್ರ, ತುಪ್ಪಳ ಯಾರಿಗೆ ಗೊತ್ತು? ಹಿಂದೆ ಕೂತ ಅಪ್ಪಂದಿರೆಲ್ಲ ಗೊಳ್ಳೆಂದು ನಕ್ಕರು. ಹೋಯ್ತು, ಇನ್ನು ಜನ್ಮಪೂರ್ತಿ ಟೇಪೇ ಅಂದುಕೊಂಡೆ. ಅವಳ ಮುಖ ಸಣ್ಣದಾಯ್ತು. ಹತ್ರ ಹೋಗಿ, "ನಿನ್ನ ದೋಣಿಯ ತುಪ್ಪ ಹೇಗಿತ್ತು ಮಗಾ?" ಅಂದೆ. "ಗೋಲ್ಡ್... ಬಿಗ್ ಪಾಟ್ಸ್. ಇಡೀ ಹೊಳೆ ಸ್ಮೆಲ್ ಬರ್ತಿತ್ತು." ಅಯ್ಯೋ, ಎಂ.ಎ. ಓದಿದ ನನಗೆ ಆ ಹೊಳೆಯ ಪರಿಮಳ ಒಂದು ದಿನವೂ ಬಂದದ್ದಿಲ್ಲ! ಅವಳು ಚಳಿಗೆ ಹಾಕಿದ್ದ ಅಗ್ ಬೂಟಿನೊಳಗಿನ ಮೆತ್ತನೆಯ ಕುರಿಕೂದಲು ತೋರಿಸಿ, "ಇದು ತುಪ್ಪಳ, ದೋಣಿಯಲ್ಲಿ ಇದ್ದದ್ದು ಇಂಥದ್ದು" ಅಂದೆ. ಮಕ್ಕಳೆಲ್ಲ ಬಗ್ಗಿ ಬೂಟು ಸವರುದೇ ಸವರುದು, "ತುಪ್ಪಳ, ತುಪ್ಪಳ!" ಹೊತ್ತು ಮುಗಿದ್ರೂ ಯಾರೂ ಏಳಲಿಲ್ಲ. ವಸಂತಿ ಆಂಟಿ ಹಿಂದಿನಿಂದ, "ಮಾಸ್ಟ್ರೇ, ಬ್ರೆಡ್ಡು ಸಿಕ್ಕಿತಾ ಇಲ್ವಾ, ಬರುವ ವಾರ ಹೇಳಿ" ಅಂದ್ರು.

ಅದಕ್ಕೇ ಹೇಳುದು, ಗೊತ್ತಾಗದಿದ್ರೆ ಎದ್ದು ಕೇಳಿ, ಯಾರು ನಕ್ಕರೂ ಕೇಳಿ. ಅವಳು ಕೇಳಿದ್ದಕ್ಕೆ ನನಗೆ ಬೋರ್ಡು ಸಿಕ್ಕಿತು. ಯಾವ ದಿನವಾ? ಎರಡು ಸಾವಿರದ ಏಳು, ನಾಗರಪಂಚಮಿಯ ಮಾರನೇ ದಿನ, ಭಾನುವಾರ.