ಹಿಂದಿನ ಕೋಣೆಯ ತಾಮ್ರದ ತಗಡಿನ ಬಗ್ಗೆ

ಬಿಟ್ಟ ಉಸಿರಿಗೆ ಮನೆಯ ದಾರಿ ಮರೆತುಹೋಯಿತು ಎಂಬ ಸಾಲನ್ನು ಎಲ್ಲೋ ಓದಿದ್ದೇನೆ. ಯಾರದೆಂದು ನೆನಪಿಲ್ಲ, ಸಾಲು ಹೀಗೇ ಇತ್ತೋ ಎಂಬುದೂ ಖಚಿತವಿಲ್ಲ. ಅದು ನಿಜವೇ ಎಂಬ ಅನುಮಾನ ನಿನ್ನೆಯಿಂದ ಹತ್ತಿದೆ. ಇದು ಕೇಸಿಗೆ ಸಂಬಂಧವಿಲ್ಲದ ಮಾತು ಎಂದು ಬರೆದುಕೊಳ್ಳುತ್ತಿರುವ ಪೇದೆಯವರು ಹೇಳಿದರು. ಸಂಬಂಧವಿದೆ ಎಂದು ನಾನು ಹೇಳಿದ ಮೇಲೆ ಬರೆದುಕೊಂಡಿದ್ದಾರೆ.

ನಾನು, ದೂರಿನಲ್ಲಿ ಹೇಳಿರುವ ಮನೆಯ ಸೊಸೆ, ವಯಸ್ಸು ನಲವತ್ತೆಂಟು, ಓದು ಎಂ.ಎ., ಕೆಲಸ ಪುಸ್ತಕಗಳ ಕರಡು ತಿದ್ದುವುದು, ವಾಸ ಅದೇ ಮನೆ. ಪೊಲೀಸರು ಕೇಳಿದ್ದಕ್ಕೆ ನಾನು ತಿಳಿಸುವುದೇನೆಂದರೆ, ನನ್ನ ಗಂಡನ ತಂಗಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ. ಅಲ್ಲಿ ಸಂಜೆ ಬೀಗ ಹಾಕುವಾಗ ಮೇನ್ ಸ್ವಿಚ್ ಆರಿಸುವ ಪದ್ಧತಿಯಿದೆ. ಅವಳ ಪ್ರಯೋಗಕ್ಕೆ ಹಗಲೂ ರಾತ್ರಿಯೂ ಕರೆಂಟು ಬೇಕಾದ್ದರಿಂದ, ಪ್ರಿನ್ಸಿಪಾಲರ ಒಪ್ಪಿಗೆ ಪಡೆದು ಸಾಮಾನನ್ನು ನಮ್ಮ ಮನೆಯ ಹಿಂದಿನ ಕೋಣೆಗೆ ತಂದಿದ್ದಾಳೆ.

ಕೋಣೆಯಲ್ಲಿ ಒಂದು ಸಿಲಿಂಡರ್, ಒಂದು ಗಾಜಿನ ಪೆಟ್ಟಿಗೆ, ಅದರೊಳಗೆ ಅಂಗೈಗಿಂತ ಚಿಕ್ಕದಾದ ತಾಮ್ರದ ತಗಡು ಇವೆ. ಸಿಲಿಂಡರಿನಲ್ಲಿರುವುದು ಇಂಗಾಲದ ಡೈಆಕ್ಸೈಡ್; ನಮ್ಮ ಮೂಗಿನಿಂದಲೂ ಕಾರ್ಖಾನೆಯ ಚಿಮಣಿಯಿಂದಲೂ ಹೊರಗೆ ಹೋಗುವ ಅನಿಲ. ಅದು ಉಪ್ಪುನೀರಿನಲ್ಲಿ ತಗಡನ್ನು ತಾಗುವಾಗ ಕರೆಂಟು ಹರಿಸಿದರೆ ಬೇರೆ ವಸ್ತುವಾಗುತ್ತದೆ. ಬೆಳ್ಳಿಯ ತಗಡಾದರೆ ಒಂದು ವಸ್ತು, ತವರವಾದರೆ ಇನ್ನೊಂದು. ಇಂಗಾಲಕ್ಕೆ ಇಂಗಾಲವನ್ನು ಕೂಡಿಸಿ ಮದ್ಯಸಾರ ಮಾಡುವ ವಿದ್ಯೆ ಒಲಿದಿರುವುದು ತಾಮ್ರಕ್ಕೆ ಎಂದು ನಾದಿನಿ ಹೇಳುತ್ತಾಳೆ. ತಾಮ್ರ ಖರ್ಚಾಗುವುದಿಲ್ಲ, ಸಂಬಂಧ ಕುದುರಿಸಿದವರ ಹಾಗೆ ಕೂಡಿಸಿ ಪಕ್ಕಕ್ಕೆ ನಿಲ್ಲುತ್ತದೆ. ಆದರೆ ಅದರ ಮೈ ಬೇಗ ಕೆಡುತ್ತದೆ. ಹಿಂದಿನ ತಗಡುಗಳೆಲ್ಲ ಕೆಲವೇ ದಿನಗಳಲ್ಲಿ ಸುಸ್ತಾಗಿದ್ದವು. ಇದೊಂದು ಮೂರು ವಾರ ದಾಟಿದೆ. ನಡುವೆ ಕರೆಂಟು ನಿಂತರೆ ತಗಡಿನ ಮೇಲ್ಮೈ ಬೇರೆ ರೂಪ ತಾಳುತ್ತದೆ, ನಾಲ್ಕು ವರ್ಷದ ದುಡಿಮೆ ಮತ್ತೆ ಮೊದಲಿನಿಂದ. ನಾಳೆ ಪರೀಕ್ಷಕರು ಬಂದು ನೋಡುವ ತನಕ ಅದು ನಡೆಯಲೇಬೇಕು.

ನಿನ್ನೆ ಸಂಜೆ ಐದು ಗಂಟೆಗೆ ನಾದಿನಿ, ಪೆಟ್ಟಿಗೆಯ ಆ ಉಪ್ಪುನೀರನ್ನು ಭಟ್ಟಿ ಇಳಿಸಿ ತೆಗೆದ ಮದ್ಯಸಾರವನ್ನು ಹಿತ್ತಿಲಲ್ಲಿ ಬಟ್ಟಲಿಗೆ ಸುರಿದು ಕಡ್ಡಿ ಗೀರಿದಳು. ನೀಲಿ ಜ್ವಾಲೆ ಎದ್ದಿತು. ಇದು ನಾವು ಬಿಟ್ಟ ಉಸಿರೇ ಅಂದ್ಕೊಳ್ಳಿ ಅತ್ತಿಗೆ, ಎಂದಳು. ನಾನು ಜ್ವಾಲೆಗಿಂತ ಅವಳ ಮುಖವನ್ನೇ ಹೆಚ್ಚು ನೋಡಿದೆ.

ಬಯಲಲ್ಲಿ ಹಾಗೆ ಹಚ್ಚಿದ್ದು ಅವಳ ತಪ್ಪು. ಪಕ್ಕದ ಮನೆಯವರು ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು, ಬೀದಿಯವರೆಲ್ಲ ಟಿ.ಸಿ. ಮಾವ ಎನ್ನುತ್ತಾರೆ. ಒಣಗಿದ ಬಟ್ಟೆ ತೆಗೆಯಲು ಮಹಡಿಗೆ ಬಂದಿದ್ದ ಅವರು ಕಿಟಕಿಯಿಂದ ಹೊರಗೆ ಬಂದ ಕೊಳವೆ, ವಾಸನೆ, ನೀಲಿ ಜ್ವಾಲೆ ಎಲ್ಲವನ್ನೂ ಕೂಡಿಸಿ, ಇಲ್ಲಿ ಸಾರಾಯಿ ಕಾಯಿಸುತ್ತಿದ್ದಾರೆಂದು ಠಾಣೆಗೆ ಫೋನ್ ಮಾಡಿದರು.

ಆರು ಗಂಟೆಗೆ ಸಬ್ ಇನ್ಸ್‌ಪೆಕ್ಟರು ಇಬ್ಬರು ಪೇದೆಗಳೊಂದಿಗೆ ಬಂದರು. ಬಾಟಲಿ ಮೂಸಿ, ಬೆಲ್ಲದ ಕೊಳೆ ಹಾಕಿದ್ದು ಎಲ್ಲಿ ಎಂದು ಕೇಳಿದರು. ನಾದಿನಿ ಸಿಲಿಂಡರ್ ತೋರಿಸಿದಳು. ಗಾಳಿಯಿಂದ ಸಾರಾಯಿ ತೆಗೆಯುವವರನ್ನು ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ನೋಡಿಲ್ಲ ಎಂದರು. ಹೋದ ತಿಂಗಳ ತನಕ ನಾನೂ ನೋಡಿರಲಿಲ್ಲ ಸಾರ್, ಎಂದಳು. ಅವರು ಎಲ್ಲವನ್ನೂ ಜಪ್ತಿ ಮಾಡುವುದಾಗಿ ಹೇಳಿ ಸ್ವಿಚ್ಚಿಗೆ ಕೈ ಚಾಚಿದಾಗ ಅವಳು ಅಡ್ಡ ನಿಂತಳು. ನನ್ನನ್ನ ಕರ್ಕೊಂಡು ಹೋಗಿ, ಕೋಣೆಗೆ ಸೀಲ್ ಹಾಕಿ, ಕಾವಲಿಡಿ, ಸ್ವಿಚ್ ಮಾತ್ರ ಮುಟ್ಟಬೇಡಿ ಎಂದಳು. ನಿಂತ ಜಾಗ ಬಿಡಲಿಲ್ಲ.

ಇನ್ಸ್‌ಪೆಕ್ಟರು ಪ್ರಿನ್ಸಿಪಾಲರಿಗೆ ಫೋನ್ ಮಾಡಿ ವಿಚಾರಿಸುತ್ತಿದ್ದಾಗಲೇ ಬೀದಿಯ ಕರೆಂಟು ಹೋಯಿತು. ಪೆಟ್ಟಿಗೆಗೆ ಜೋಡಿಸಿರುವ ನಮ್ಮ ಬ್ಯಾಟರಿ ನಲವತ್ತು ನಿಮಿಷಕ್ಕಿಂತ ಹೆಚ್ಚು ಬರುವುದಿಲ್ಲ. ಇನ್ವರ್ಟರ್ ಇದ್ದದ್ದು ಪಕ್ಕದ ಮನೆಯಲ್ಲಿ ಮಾತ್ರ. ಟಿ.ಸಿ. ಮಾವ ತಮಾಷೆ ನೋಡಲು ಗೇಟಿನಲ್ಲೇ ನಿಂತಿದ್ದರು. ಫೋನ್ ಮಾಡಿದ್ದು ನೀವೇ ಅಂತ ಗೊತ್ತು, ಆ ಜಗಳ ನಾಳೆ ಆಡೋಣ, ಈಗೊಂದು ವೈರು ಎಳೆಯೋಕೆ ಬಿಡಿ ಎಂದೆ. ಕೊಟ್ಟರೆ ತಾನೂ ಕೇಸಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತೇನಾ ಎಂದು ಅವರು ಕೇಳಿದರು. ಫೋನ್ ಇಟ್ಟು ಹೊರಗೆ ಬಂದ ಇನ್ಸ್‌ಪೆಕ್ಟರು, ಕಾಲೇಜಿನವರು ಎಲ್ಲ ಸರಿಯಾಗಿದೆ ಅಂದಿದಾರೆ, ನೀವು ವೈರು ಕೊಡಿ ಎಂದರು. ಕಾಂಪೌಂಡಿನ ಮೇಲಿಂದ ವೈರು ಬಂತು. ಒಬ್ಬ ಪೇದೆ ಟಾರ್ಚ್ ಹಿಡಿದರು, ಏಣಿಯನ್ನು ಇನ್ಸ್‌ಪೆಕ್ಟರೇ ಹಿಡಿದುಕೊಂಡರು.

ಬ್ಯಾಟರಿ ಮುಗಿಯುವ ಮೊದಲೇ ನಾದಿನಿ ವೈರು ಜೋಡಿಸಿದಳು. ಮೀಟರಿನ ಮುಳ್ಳು ಇದ್ದಲ್ಲಿಂದ ಅಲುಗಲಿಲ್ಲ, ಕರೆಂಟು ಒಂದು ಕ್ಷಣವೂ ನಿಲ್ಲಲಿಲ್ಲ. ಜ್ವರ ಬಿಟ್ಟಿದೆಯೇ ಎಂದು ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ ಅವಳು ಗಾಜಿನ ಮೇಲೆ ಅಂಗೈ ಇಟ್ಟಳು. ಇನ್ಸ್‌ಪೆಕ್ಟರು ಬಗ್ಗಿ ಗುಳ್ಳೆಗಳನ್ನು ನೋಡುತ್ತ, ಒಂದು ಚಿಮಣಿಗೆ ಇಂಥ ತಗಡು ಎಷ್ಟು ಬೇಕಾಗಬಹುದು ಎಂದು ಕೇಳಿದರು. ಇನ್ನೂ ಗೊತ್ತಿಲ್ಲ ಎಂದು ಅವಳು ಹೇಳಿದಳು. ಗೊತ್ತಿಲ್ಲ ಎಂಬುದನ್ನು ಅಷ್ಟು ಸಂತೋಷದಿಂದ ಹೇಳಿದವರನ್ನು ನಾನು ಕಂಡಿಲ್ಲ.

ಮೇಲೆ ಬರೆಸಿದ್ದು ನಾನು ಕಣ್ಣಾರೆ ಕಂಡದ್ದು. ಓದಿ ನೋಡಿ ಎರಡು ಕಡೆ ಕಾಗುಣಿತ ತಿದ್ದಿದ್ದೇನೆ, ಉಳಿದದ್ದೆಲ್ಲ ಸರಿಯಿದೆ.

ಸ್ಥಳ: ನಮ್ಮ ಮನೆಯ ಜಗಲಿ
ದಿನಾಂಕ: ಘಟನೆಯ ಮರುದಿನ, ಬೆಳಿಗ್ಗೆ
ಸಹಿ

ಸಹಿಯ ನಂತರ ಸೇರಿಸಿದ್ದು: ಇಷ್ಟರಲ್ಲಿ ಟಿ.ಸಿ. ಮಾವ ಬಾಗಿಲಿಗೆ ಬಂದರು. ಕರೆಂಟು ಬಂದಿದೆ, ವೈರು ಬಿಚ್ಚಿ ಕೊಡಲೇ ಎಂದು ಕೇಳಿದೆ. ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆಸಿದ್ದೇನೆ: "ನಾಳೆ ತನಕ ಇರಲಿ ಬಿಡಮ್ಮ. ಟಿಕೆಟ್ ಇಲ್ಲದೋರನ್ನ ಊರು ಸೇರೋಕೆ ಮುಂಚೆ ನಡುದಾರೀಲಿ ಇಳಿಸೋ ಕೆಲಸ ಮೂವತ್ತು ವರ್ಷ ಮಾಡಿದೀನಿ, ಇನ್ನು ಸಾಕು."