ಜಪಾನಿನ ಹಲ್ಲುಕಡ್ಡಿ

ಬೆಳ್ತಂಗಡಿ ಬಸ್‌ಸ್ಟ್ಯಾಂಡಿನಲ್ಲಿ ರಾಜೀವಿ ಟೀಚರ ಬೆನ್ನಹಿಂದೆಯೇ ಗಂಡಹೆಂಡಿರ ಜಗಳ ಶುರುವಾಗಿತ್ತು. ಟೀಚರು ತಿರುಗಿ ನೋಡಲಿಲ್ಲ. ಕಿವಿ ಮಾತ್ರ ಅಲ್ಲೇ ಇತ್ತು.

“ಹಡಗಿನ ಕೆಲಸದ ಅಣ್ಣ ಜಪಾನಿನಿಂದ ತಂದ ಹಲ್ಲುಕಡ್ಡಿಗಳನ್ನೆಲ್ಲ ನೀವು ಕೆತ್ತಿದ್ದು ಯಾಕೆ?”

“ಒಂದು ಬದಿಯಲ್ಲಿ ಮರದ ಸಿಪ್ಪೆ ಹಾಗೇ ಇತ್ತಲ್ಲ ಮಾರಾಯ್ತಿ! ಅರ್ಧಂಬರ್ಧ ಕೆಲಸ ಅಂತ ಕೂತು ನುಣ್ಣಗೆ ಮಾಡಿದೆ.”

“ಪರಿಮಳ ಇರುವುದೇ ಆ ಸಿಪ್ಪೆಯಲ್ಲಂತೆ! ಅಜ್ಜನ ಕಾಲದಿಂದಲೂ ಜಪಾನಿನವರು ಬೇಕೆಂದೇ ಅದನ್ನು ಉಳಿಸಿ ಮಾರುವುದಂತೆ.”

“ಹಲ್ಲು ಚುಚ್ಚಲಿಕ್ಕೆ ಎಂತ ಪರಿಮಳ? ನಮ್ಮ ಅಂಗಳ ಗುಡಿಸುವ ಹಿಡಿಸೂಡಿ ಕಡ್ಡಿಯಲ್ಲಿ ಉಂಟಾ?”

“ಊಟಕ್ಕೆ ಬರುವ ಅಣ್ಣನಿಗೆ ಏನು ಹೇಳಲಿ? ಆ ಸಿಪ್ಪೆ ಎಲ್ಲಿ?”

“ಬೆಳಿಗ್ಗೆಯೇ ಬಚ್ಚಲೊಲೆಗೆ ಹಾಕಿದೆ.”

ಮುಂಡಾಜೆಯ ಬಸ್ಸು ಬಂತು. ಹತ್ತುತ್ತಾ ಹೆಂಡತಿ ಹೇಳಿದಳು:

“ಅದಕ್ಕೇ ಬಚ್ಚಲು ದೇವರಕೋಣೆಯ ಹಾಗೆ ಘಮಘಮ ಅಂದದ್ದು! ಮಧ್ಯಾಹ್ನ ಅಣ್ಣನಿಗೆ ಬಾಳೆಲೆ ಅಲ್ಲೇ ಹಾಕಿ.”